ಒಂದಳತೆ ದೊಡ್ಡದು

ಆ ಬೀದಿಯ ಶಾಲೆಮಕ್ಕಳಲ್ಲಿ ಮಡಿಕೆ ಮಾಸ್ಟರ ಕೈಯ ಬಟ್ಟೆ ಹಾಕದವರು ಯಾರಿದ್ದಾರೆ ಹೇಳಿ. ಯೂನಿಫಾರಂ ಹೊಲಿಯುವುದೇ ಅವರ ಕಸುಬು, ಅವರ ಹೊಲಿಗೆ ಗುರುತಿಸಲು ಕನ್ನಡಕವೂ ಬೇಕಿಲ್ಲ. ಸ್ಕರ್ಟಿನ ಅಂಚು ತಿರುಗಿಸಿ ನೋಡಿದರೆ ಒಳಗೆ ನಾಲ್ಕು ಬೆರಳು ಬಟ್ಟೆ ಮಡಚಿಕೊಂಡು ಕೂತಿರುತ್ತದೆ. ತೋಳಿನಲ್ಲೂ ಅಷ್ಟೇ, ಪ್ಯಾಂಟಿನ ಕಾಲಿನಲ್ಲೂ ಅಷ್ಟೇ; ಹೆಸರಿಗೆ ಮಡಿಕೆ ಅಂಟಿಕೊಂಡದ್ದೂ ಅದಕ್ಕೇ. "ಬೆಳೆಯೋ ಮಕ್ಕಳು, ಒಂದಳತೆ ದೊಡ್ಡದೇ ಇರಲಿ" ಎನ್ನುವುದು ಅವರು ಉಸಿರಾಡಿದಷ್ಟು ಸಲೀಸಾಗಿ ಆಡುವ ಮಾತು. ತಾಯಂದಿರಿಗೆ ಅದನ್ನು ಕೇಳಿ ಖುಷಿ. ಮಕ್ಕಳಿಗೆ ಮಾತ್ರ, ಪಾಪ, ಹೊಸ ಬಟ್ಟೆ ಎಂದರೆ ಬೇರೆ ಯಾರದ್ದೋ ಬಟ್ಟೆ.

ಇದನ್ನು ಬಾಯಿಬಿಟ್ಟು ಹೇಳಿದವಳು ಅವರ ಮಗಳು ಒಬ್ಬಳೇ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅವಳು, ಲಾರಿಯ ಜೊತೆ ಊರೂರು ಸುತ್ತುವ ಅವಳ ಗಂಡ, ಅವರಿಬ್ಬರ ಹತ್ತು ವರ್ಷದ ಹುಡುಗಿ, ಮೂವರೂ ಮಾಸ್ಟರ ಅಂಗಡಿಯ ಮೇಲಿನ ಕೋಣೆಗಳಲ್ಲೇ ಇದ್ದರು.

"ನಂಗೆ ಸರಿಯಾಗಿ ಕೂತ ಬಟ್ಟೆ ಅಂತ ಒಂದೂ ನೆನಪಿಲ್ಲಪ್ಪ," ಎಂದು ಮಗಳು ಒಂದು ದಿನ ಊಟಕ್ಕೆ ಕೂತಾಗ ಹೇಳಿದ್ದಳು. "ಮಡಿಕೆ ಬಿಚ್ಚಿ ಬಿಚ್ಚಿ ಸರಿಹೋಗೋ ಹೊತ್ತಿಗೆ ಬಟ್ಟೆ ಬಣ್ಣ ಹೋಗಿರ್ತಿತ್ತು. ಕೆಳಗೆ ಬಿಚ್ಚಿದ ಪಟ್ಟಿ ಮಾತ್ರ ಹೊಸದು."

ಮಾಸ್ಟರು ನಕ್ಕುಬಿಟ್ಟರು. ಇಂಥ ದೂರಿಗೆಲ್ಲ ಕಿವಿಗೊಡುತ್ತಾ ಕೂತರೆ ಮಷಿನ್ ತುಳಿಯುವುದು ಯಾವಾಗ ಎಂದರು.

ಮೊಮ್ಮಗಳನ್ನು ಮನೆಯಲ್ಲಿ ಕರೆಯುವುದು ಚಮ್ಕಿ ಎಂದು. ಅಂಬೆಗಾಲಿಡುವಾಗ, ಯಾರದೋ ಮದುವೆ ರವಿಕೆಯಿಂದ ಅಂಗಡಿ ನೆಲಕ್ಕೆ ಉದುರಿದ ಚಮ್ಕಿಗಳನ್ನೆಲ್ಲ ಆರಿಸಿ ಕೆನ್ನೆಗೆ ಅಂಟಿಸಿಕೊಂಡಿದ್ದಳಂತೆ, ಅದಕ್ಕೆ. ಆದರೆ ಹೆಸರಿನ ಮಿಂಚು ಹುಡುಗಿಯಲ್ಲಿ ಕಾಣುತ್ತಿರಲಿಲ್ಲ. ಶಾಲೆಯಲ್ಲಿ ಮಾತಿಲ್ಲ, ಕತೆಯಿಲ್ಲ. ಟೀಚರು ಹೆಸರು ಕೂಗಿದರೆ ಕೈ ಎತ್ತಿ ಸುಮ್ಮನಾಗುವಳು. ಅಂಥವಳು ಗ್ಯಾರೇಜಕ್ಕನ ಮೈದಾನಕ್ಕೆ ಹೋಗತೊಡಗಿದ ಮೇಲೆ ಬೇರೆಯೇ ಹುಡುಗಿಯಾದಳು.

ಗ್ಯಾರೇಜಕ್ಕ ಎಂದರೆ ಊರಂಚಿನಲ್ಲಿ ಎಟಿವಿ ಮಾರುವ ಹೆಂಗಸು. ಅದೇ, ದಪ್ಪ ಟೈರಿನ ನಾಲ್ಕು ಚಕ್ರದ ಬೈಕು, ಕಲ್ಲು ಮಣ್ಣು ದಿಬ್ಬ ಏನಿದ್ದರೂ ಹತ್ತಿಕೊಂಡು ಹೋಗುತ್ತದಲ್ಲ, ಅದು. ಅವಳೇ ಮಾರುತ್ತಾಳೆ, ಅವಳೇ ರಿಪೇರಿ ಮಾಡುತ್ತಾಳೆ, ಗ್ಯಾರೇಜಿನ ಹಿಂದಿನ ಮಣ್ಣಿನ ಮೈದಾನದಲ್ಲಿ ಮಕ್ಕಳಿಗೆ ಓಡಿಸಲು ಕಲಿಸುವವಳೂ ಅವಳೇ. ಭಾನುವಾರ ಭಾನುವಾರ ಚಮ್ಕಿ ಅಲ್ಲಿನ ಪುಟ್ಟ ಕೆಂಪು ಗಾಡಿ ಓಡಿಸಿ ಬರುವಳು. ಬಂದಮೇಲೆ ಅರಳು ಹುರಿದ ಹಾಗೆ ಮಾತು. ತಿರುವಿನಲ್ಲಿ ಒಳಗಡೆಗೆ ವಾಲಬೇಕು ತಾತ, ಕುಂಡಿ ಸೀಟಿನಿಂದ ಸ್ವಲ್ಪ ಜರುಗಿಸಬೇಕು ತಾತ, ಇಲ್ಲಾಂದ್ರೆ ಗಾಡಿ ಮಗುಚುತ್ತೆ ತಾತ. ಮಾಸ್ಟರಿಗೆ ಮೊಮ್ಮಗಳ ಬಾಯಿ ಮುಚ್ಚದಿರುವುದೇ ಒಂದು ಹಬ್ಬ. ಅವಳಿಗೆ ಸ್ವಂತದ್ದೊಂದು ಗಾಡಿ ಕೊಡಿಸುತ್ತೇನೆ ಎಂದು ಅವರಾಗಿಯೇ ಹೇಳಿದರು. ಆ ಮಾತು ಕೇಳಿ ಹುಡುಗಿ ಅಂಗಡಿಯ ಕಟ್ಟೆಯಿಂದ ಧುಮುಕಿ ಬೀದಿ ತುದಿಯವರೆಗೂ ಓಡಿ ವಾಪಸು ಬಂದಳು.

ಗಾಡಿ ಆರಿಸಲು ತಾತ ಮೊಮ್ಮಗಳು ಇಬ್ಬರೇ ಹೋದರು. ಮಾಸ್ಟರ ಕೊರಳಲ್ಲಿ ಟೇಪು ಹಾಗೇ ನೇತಾಡುತ್ತಿತ್ತು, ತೆಗೆದಿಡಲು ಮರೆತಿದ್ದರು.

ಗ್ಯಾರೇಜಕ್ಕ ಮೊದಲು ಚಮ್ಕಿಯನ್ನು ಕೆಂಪು ಗಾಡಿಯ ಮೇಲೆ ಹತ್ತಿಸಿದಳು. "ಕಾಲಿಡೋ ಜಾಗದ ಮೇಲೆ ಎದ್ದು ನಿಲ್ಲು." ನಿಂತಳು. ಸೀಟಿಗೂ ಅವಳಿಗೂ ನಡುವೆ ಅಂಗೈಯಷ್ಟು ಸಂದು. "ಕೂತ್ಕೋ. ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸು. ಈಗ ಬಲಕ್ಕೆ." ಎರಡು ಕಡೆಗೂ ಮೊಣಕೈ ಸ್ವಲ್ಪ ಬಾಗಿಯೇ ಇತ್ತು. ಹೆಬ್ಬೆರಳು ಆಕ್ಸಿಲರೇಟರಿನ ಮೇಲೆ, ಉಳಿದ ಬೆರಳು ಬ್ರೇಕಿನ ಮೇಲೆ, ಎಲ್ಲ ಹೇಳಿ ಹೊಲಿಸಿದ ಹಾಗೆ ಕೂತಿತ್ತು.

"ಇದು ಸರಿ ಮಾಸ್ಟ್ರೇ," ಎಂದಳು ಗ್ಯಾರೇಜಕ್ಕ.

"ಎಷ್ಟು ದಿನಕ್ಕೆ ಸರಿ? ನಾಳೆ ನಾಡಿದ್ದು ಮಂಡಿ ಗಲ್ಲಕ್ಕೆ ತಗಲುತ್ತೆ." ಮಾಸ್ಟರ ಕಣ್ಣು ಆಗಲೇ ಪಕ್ಕದ ನೀಲಿ ಗಾಡಿಯ ಮೇಲಿತ್ತು. ಅದು ದೊಡ್ಡದು, ಎಂಜಿನ್ನೂ ದೊಡ್ಡದು. "ಅದನ್ನ ನೋಡೋಣ."

ಜಿಪುಣತನ ಎಂದುಕೊಳ್ಳಬೇಡಿ. ಮೊಮ್ಮಗಳ ವಿಷಯದಲ್ಲಿ ಅವರ ಕೈ ಯಾವತ್ತೂ ಬಿಗಿಯಲ್ಲ. ಆದರೆ ಮುಂದಿನ ವರ್ಷಕ್ಕೆ ಚಿಕ್ಕದಾಗುವ ವಸ್ತುವನ್ನು ಈ ವರ್ಷ ಮನೆಗೆ ತರುವುದು ಅವರಿಗೆ ಅರಗದ ಸಂಗತಿ. ಆಯುಷ್ಯವೆಲ್ಲ ನಾಳೆಯ ಅಳತೆಗೆ ಕತ್ತರಿ ಆಡಿಸಿದ ಕೈ ಅದು.

ನೀಲಿ ಗಾಡಿಯ ಮೇಲೆ ಚಮ್ಕಿ ಕೂತಳು. ಹ್ಯಾಂಡಲ್ ಎಡಕ್ಕೆ ತಿರುಗಿಸಿದಾಗ ಬಲಗೈ ಕೋಲಿನಂತೆ ನೆಟ್ಟಗಾಯಿತು, ಹೆಬ್ಬೆರಳು ಆಕ್ಸಿಲರೇಟರಿನಿಂದ ಜಾರಿತು. ದೂರದಿಂದಲೇ ಮಕ್ಕಳ ತೋಳಿನ ಉದ್ದ ಹೇಳಬಲ್ಲ ಮನುಷ್ಯನಿಗೆ ಇದು ಕಾಣಲಿಲ್ಲವೇ? ಕಂಡಿತು. ತೋಳು ಮೂರು ಬೆರಳು ಸಾಲದು ಎಂದು ಮನಸ್ಸು ಹೇಳಿಯೂ ಹೇಳಿತು.

"ಬೇಡ ಮಾಸ್ಟ್ರೇ. ಬಟ್ಟೆಗೆ ಮಡಿಕೆ ಹಾಕಬಹುದು, ಗಾಡಿಗೆ ಎಲ್ಲಿ ಹಾಕ್ತೀರಿ?" ಎಂದಳು ಗ್ಯಾರೇಜಕ್ಕ. "ಇದು ಹನ್ನೆರಡು ದಾಟಿದ ಮಕ್ಕಳಿಗೆ. ಇವಳಿಗೆಷ್ಟು?"

"ಹನ್ನೆರಡು ತುಂಬ್ತು," ಎಂದರು ಮಾಸ್ಟರು. "ನಮ್ಮನೆ ಮಕ್ಕಳು ಸ್ವಲ್ಪ ಗಿಡ್ಡ."

ಚಮ್ಕಿ ತಾತನ ಮುಖ ನೋಡಿದಳು, ಆಮೇಲೆ ಕೆಂಪು ಗಾಡಿಯನ್ನು ನೋಡಿದಳು. ತಾತನ ಮಾತನ್ನು ಬೇರೆಯವರೆದುರು ತೆಗೆದುಹಾಕುವ ಹುಡುಗಿ ಅವಳಲ್ಲ. ಗ್ಯಾರೇಜಕ್ಕ ನಂಬಿದಳೋ ಬಿಟ್ಟಳೋ, ಕೊನೆಗೆ ಒಂದೇ ಮಾತು ಹೇಳಿದಳು: "ತಗೊಂಡು ಹೋಗಿ, ಆದ್ರೆ ಕಲಿಯೋದು ನನ್ನ ಮೈದಾನದಲ್ಲೇ, ಕೆಂಪು ಗಾಡೀಲೇ. ಇವಳು ಇದರ ಅಳತೆಗೆ ಬೆಳೆಯೋವರೆಗೂ ಇದು ನಿಂತಿರಲಿ." ಮಾಸ್ಟರು ತಲೆ ಅಲ್ಲಾಡಿಸಿದರು. ಮನಸ್ಸಿನಲ್ಲೇ, ಹೊಸ ಬಟ್ಟೆ ತಂದು ಪೆಟ್ಟಿಗೆಯಲ್ಲಿಡಲು ನನಗೇನು ಹುಚ್ಚೇ ಎಂದುಕೊಂಡರು.

ಮುಂದೆ ಮಾಡಿದ ಕೆಲಸ ಟೈಲರ್ ಒಬ್ಬನಿಗೆ ಮಾತ್ರ ಹೊಳೆಯುವಂಥದ್ದು. ಗಾಡಿ ಮನೆಗೆ ಬಂದ ವಾರ ಅವರು ಬೇರೆ ಹೊಲಿಗೆಯನ್ನೆಲ್ಲ ಬದಿಗಿಟ್ಟು ಸೀಟಿಗೆ ಒಂದು ದಿಂಬು ಹೊಲಿದರು. ಚಮ್ಕಿ ಮುಂದಕ್ಕೆ ಬಂದು ಹ್ಯಾಂಡಲ್ ಎಟುಕಲಿ ಎಂದು ಬೆನ್ನಿಗೆ ದಪ್ಪ ಸ್ಪಂಜು. ಹುಡುಗಿ ಆಚೀಚೆ ಜಾರಿ ಬೀಳಬಾರದಲ್ಲ, ಅದಕ್ಕೆ ಎರಡು ಪಕ್ಕಕ್ಕೂ ತೊಡೆ ಹಿಡಿಯುವ ಹಾಗೆ ಎತ್ತರದ ಅಂಚು. ಮೇಲೆ ಗಟ್ಟಿ ರೆಕ್ಸಿನ್, ಜೋಡಿ ದಾರ, ಸೀಟಿನ ಅಡಿಯಿಂದ ಬಿಗಿಯುವ ಪಟ್ಟಿಗಳು. ಇಷ್ಟು ಅಚ್ಚುಕಟ್ಟಾದ ಹೊಲಿಗೆ ತಮ್ಮ ಕೈಯಿಂದ ಯಾವತ್ತೂ ಬಂದಿಲ್ಲ ಎಂದು ಅವರಿಗೇ ಅನಿಸಿತು.

"ಗ್ಯಾರೇಜಿನವರು ಇದಕ್ಕೆ ಸೈ ಅಂದ್ರಾ?" ಎಂದು ಮಗಳು ಕೇಳಿದಳು.

"ಅವರಿಗೇನು ಗೊತ್ತು ಹೊಲಿಗೆ," ಎಂದರು ಮಾಸ್ಟರು.

ಮರುದಿನ ಬೆಳಿಗ್ಗೆ ತಾತ ಮೊಮ್ಮಗಳು ಬೀದಿಯಾಚೆಯ ಒಂದು ಗೋದಾಮಿನ ಹಿಂದಿನ ಖಾಲಿ ಜಾಗಕ್ಕೆ ಗಾಡಿ ತಳ್ಳಿಕೊಂಡು ಹೋದರು. ಹೆಲ್ಮೆಟ್ಟು, ಗ್ಲೌಸು, ದಪ್ಪ ಬೂಟು ಎಲ್ಲ ಇತ್ತು. ನೆಟ್ಟಗೆ ಹೋಗುವಾಗ ಏನೂ ತೊಂದರೆಯಿಲ್ಲ. ಚಮ್ಕಿ ಒಂದು ಸುತ್ತು ಮೆಲ್ಲಗೆ ಬಂದಳು, ಎರಡನೆಯದಕ್ಕೆ ಸ್ವಲ್ಪ ಜೋರಾದಳು. ಮಾಸ್ಟರು ಗೋಡೆಗೊರಗಿ ನಿಂತು, ನೋಡಿದಿರಾ ನನ್ನ ಕೈಚಳಕ ಎಂದು ಯಾರಿಗೆಂದಿಲ್ಲದೆ ಹೇಳಿಕೊಳ್ಳುತ್ತಿದ್ದರು. ಗೋದಾಮಿನ ಮೂಲೆಯಲ್ಲಿ ಅವಳು ಎಡಕ್ಕೆ ತಿರುಗಿಸಿದಳು. ವಾಲಲು ಹೋದಳು, ಅದು ಅವರಿಗೆ ಸ್ಪಷ್ಟವಾಗಿ ಕಂಡಿತು. ಭುಜ ವಾಲಿತು, ಕತ್ತು ವಾಲಿತು, ಸೊಂಟದಿಂದ ಕೆಳಗೆ ಮಾತ್ರ ಹುಡುಗಿ ದಿಂಬಿನೊಳಗೆ ಗೂಟ ಹೊಡೆದ ಹಾಗೆ ಕೂತಿದ್ದಳು. ಒಳಗಡೆಯ ಚಕ್ರಗಳು ನೆಲ ಬಿಟ್ಟವು. ಗಾಡಿ ಬಲಕ್ಕೆ ಮಗುಚಿತು.

ಬಲ ಭುಜದ ಮೂಳೆ ಮುರಿದಿತ್ತು. ಗಾಡಿ ಪೂರ್ತಿ ಮೇಲೆ ಬೀಳದೆ ಗೋಡೆಗೆ ಆನಿಕೊಂಡಿದ್ದೇ ಪುಣ್ಯ ಎಂದು ಆಸ್ಪತ್ರೆಯಲ್ಲಿ ಎಲ್ಲರೂ ಹೇಳಿದರು. ಮಗಳು ಔಷಧಿ ಅಂಗಡಿಯಿಂದ ಓಡಿ ಬಂದಳು, ಬಿಳಿ ಕೋಟು ಮೈಮೇಲೇ ಇತ್ತು. ಹೊರಗಿನ ಬೆಂಚಿನ ಮೇಲೆ ಮಾಸ್ಟರು ಎಲ್ಲ ಹೇಳಿದರು. ದಿಂಬು, ಅಂಚು, ಪಟ್ಟಿ, ಒಂದನ್ನೂ ಬಿಡಲಿಲ್ಲ. ಅವಳು ಬೈದಿದ್ದರೆ ಚೆನ್ನಾಗಿತ್ತು.

"ನಿನ್ನ ಹೊಲಿಗೆ ಗಟ್ಟಿಯಪ್ಪ," ಎಂದಳು. "ಒಂದು ಎಳೆನೂ ಬಿಚ್ಚಲಿಲ್ಲ ನೋಡು."

ಒಳಗೆ ಮಂಚದ ಮೇಲಿದ್ದ ಚಮ್ಕಿಗೆ ಅಮ್ಮನ ಮುಖ ಕಂಡೊಡನೆ ಗಾಬರಿ. "ತಾತಂಗೆ ಬೈಬೇಡಮ್ಮ. ನಾನೇ ಸರಿಯಾಗಿ ವಾಲಲಿಲ್ಲ. ಅಕ್ಕ ಅಷ್ಟು ಹೇಳಿಕೊಟ್ಟಿದ್ರು, ನಂಗೇ ಬರಲಿಲ್ಲ."

ಮಗಳು ಅಪ್ಪನ ಕಡೆ ತಿರುಗಿದಳು. ಈಗ ಹೇಳು ಎನ್ನುವ ಹಾಗೆ ನೋಡಿದಳು. ಒಂದೇ ಮಾತು ಸಾಕಿತ್ತು. ಮಾಸ್ಟರು ಮೊಮ್ಮಗಳ ಹಣೆ ಸವರಿದರು, "ಮಲ್ಕೋ ಪುಟ್ಟಿ, ಆಮೇಲೆ ಮಾತಾಡೋಣ" ಎಂದರು. ಹುಡುಗಿ ನರಳುವಾಗ ಏಕೆ, ಭುಜಕ್ಕೆ ಕಟ್ಟಿದ ಪಟ್ಟಿ ಬಿಚ್ಚಲಿ, ನೋವು ಇಳಿಯಲಿ, ಒಂದು ಒಳ್ಳೆ ಹೊತ್ತು ನೋಡಿ ಹೇಳಿದರಾಯಿತು ಎಂದುಕೊಂಡರು. ಮಗಳು ತಾನೇ ಹೇಳುತ್ತೇನೆಂದಾಗ, "ಬೇಡ, ನಾನೇ ಹೇಳ್ತೀನಿ" ಎಂದು ಕೈ ಹಿಡಿದು ಕೇಳಿಕೊಂಡರು. ಮಾತನ್ನೂ ಮಡಿಕೆ ಹಾಕಿ ಇಟ್ಟರು, ಏನು ಹೇಳೋಣ.

ಪಟ್ಟಿ ಬಿಚ್ಚಿದರು, ನೋವೂ ಇಳಿಯಿತು. ಭಾನುವಾರ ಬಂದರೆ ಚಮ್ಕಿ ಹೊದಿಕೆ ಎಳೆದುಕೊಂಡು ಮಲಗುವಳು. ಗ್ಯಾರೇಜಕ್ಕ ಕೆಂಪು ಗಾಡಿ ನಿನಗಾಗಿ ಕಾಯ್ತಿದೆ ಎಂದು ಎರಡು ಸಲ ಹೇಳಿಕಳಿಸಿದಳು. "ನಂಗೆ ಅದು ಬರಲ್ಲ ತಾತ," ಎಂದಳು ಹುಡುಗಿ, ಲೆಕ್ಕ ಬರಲ್ಲ ಎನ್ನುವಷ್ಟು ತಣ್ಣಗೆ. ಆಗಲೂ ಮಾಸ್ಟರು ಹೇಳಬಹುದಿತ್ತು. ಹೇಳಲಿಲ್ಲ. ಈಗ ಹೇಳಿದರೆ ಇಷ್ಟು ದಿನ ಏಕೆ ಹೇಳಲಿಲ್ಲ ಎಂದೂ ಹೇಳಬೇಕಲ್ಲ. ಮಗಳು ಕೇಳಿದಾಗೆಲ್ಲ ನಾಳೆ ಹೇಳ್ತೀನಿ ಎಂದು ಮುಂದೂಡಿದರು, ಒಂದೊಂದು ದಿನ ಕಳೆದ ಹಾಗೂ ಆ ಮಾತು ಇನ್ನಷ್ಟು ಭಾರವಾಯಿತು. ಮನೆಯಲ್ಲಿ ಅರಳು ಹುರಿಯುವ ಸದ್ದು ನಿಂತೇಹೋಯಿತು. ಗಾಡಿಗೆ ಅವರೇ ಒಂದು ಹೊದಿಕೆ ಹೊಲಿದು ಅಂಗಡಿಯ ಹಿಂಭಾಗದಲ್ಲಿ ನಿಲ್ಲಿಸಿದರು. ದಿಂಬನ್ನು ಬಿಚ್ಚಿ ಚಿಂದಿಬಟ್ಟೆಯ ಮೂಟೆಯ ಅಡಿಗೆ ತಳ್ಳಿದರು.

ಎರಡು ವರ್ಷದ ಮೇಲೆ, ಹೊಸ ಶಾಲೆಯ ಯೂನಿಫಾರಂಗೆ ಅಳತೆ ಕೊಡಲು ಚಮ್ಕಿ ಕೆಳಗಿಳಿದು ಬಂದಳು. ತಾತನ ಭುಜದವರೆಗೆ ಬಂದಿದ್ದಳು. ತೋಳಿಗೆ ಟೇಪು ಹಿಡಿದ ಮಾಸ್ಟರ ಕೈ ಅಲ್ಲೇ ನಿಂತಿತು. ಆ ಮೂರು ಬೆರಳು ತುಂಬಿಬಂದಿತ್ತು, ಮೇಲೆ ಒಂದಿಷ್ಟು ಹೆಚ್ಚೇ ಇತ್ತು.

"ಒಂದ್ಸಲ ಗಾಡಿ ಮೇಲೆ ಕೂತ್ಕೊಂಡು ನೋಡ್ತೀಯಾ? ಸುಮ್ನೆ," ಎಂದರು.

ತಾತನಿಗೆ ಬೇಜಾರಾಗಬಾರದೆಂದೇ ಅವಳು ಒಪ್ಪಿದ್ದು. ಮಾಸ್ಟರು ಹೊದಿಕೆ ತೆಗೆದು ಧೂಳು ಒರೆಸಿದರು. ಚಮ್ಕಿ ಎದ್ದು ನಿಂತಳು, ಕೂತಳು, ಹ್ಯಾಂಡಲ್ ಎಡಕ್ಕೆ ಬಲಕ್ಕೆ ತಿರುಗಿಸಿದಳು. ಮೊಣಕೈ ಬಾಗಿಯೇ ಇತ್ತು, ಹೆಬ್ಬೆರಳು ಜಾರಲಿಲ್ಲ. ಎಲ್ಲ ಹೇಳಿ ಹೊಲಿಸಿದ ಹಾಗೆ. ಮಾಸ್ಟರಿಗೆ ಕುಣಿಯುವಷ್ಟು ಸಂತೋಷವಾಯಿತು, "ನೋಡು, ಈಗ ಅಳತೆಗೆ ಸರಿಯಾಯ್ತು," ಎಂದರು.

ಚಮ್ಕಿ ಕೇಳಿಸಿಕೊಳ್ಳುತ್ತಿರಲಿಲ್ಲ. ಹ್ಯಾಂಡಲ್ ಎಡಕ್ಕೆ ಹಿಡಿದು ಸೊಂಟವನ್ನು ಎಡಕ್ಕೆ ಜರುಗಿಸಿದಳು. ಸಲೀಸಾಗಿ ಜರುಗಿತು. ಇನ್ನೊಂದು ಸಲ ಜರುಗಿಸಿದಳು. ಆಮೇಲೆ ಅಂಗೈಯಿಂದ ಸೀಟಿನ ಎರಡೂ ಪಕ್ಕ ತಡವಿ ನೋಡಿದಳು, ಅಲ್ಲಿ ಇಲ್ಲದ್ದನ್ನು ಹುಡುಕುವ ಹಾಗೆ.

"ದಿಂಬಾ ತಾತ?" ಎಂದಳು.

ಮಾಸ್ಟರು ಟೇಪನ್ನು ಬೆರಳಿಗೆ ಸುತ್ತುತ್ತಾ ನಿಂತರು.

"ನಾನು ವಾಲೋಕೆ ನೋಡ್ದೆ. ಆಗ್ಲಿಲ್ಲ. ದಿಂಬು ಬಿಡಲಿಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನಿಂಗೆ ಗೊತ್ತಿತ್ತಾ?"

"ಹೂಂ."

"ಯಾವಾಗಿಂದ?"

"ಆವತ್ತಿಂದಾನೇ."

ಚಮ್ಕಿ ಗಾಡಿಯಿಂದ ಇಳಿದಳು. "ನಾನು ನಂಗೆ ಬರಲ್ಲ ಅಂದ್ಕೊಂಡಿದ್ದೆ ತಾತ," ಎಂದಳು. "ಯಾವುದೂ ಬರಲ್ಲ ಅಂದ್ಕೊಂಡಿದ್ದೆ."

"ಈಗ ಓಡಿಸು ಪುಟ್ಟಿ. ನಾಳೆನೇ ಹೋಗೋಣ, ಅಕ್ಕನ ಮೈದಾನಕ್ಕೇ ಹೋಗೋಣ."

"ಈಗ ಆಸೆ ಇಲ್ಲ." ಅವಳು ಹೊದಿಕೆಯ ಒಂದು ತುದಿ ಹಿಡಿದಳು, ಇನ್ನೊಂದನ್ನು ತಾತನೇ ಹಿಡಿಯಬೇಕಾಯಿತು. ಇಬ್ಬರೂ ಸೇರಿ ಗಾಡಿಯನ್ನು ಮುಚ್ಚಿದರು. ಆಮೇಲೆ ಅವಳು ಮೊದಲು ನಿಂತಿದ್ದ ಜಾಗದಲ್ಲೇ ಬಂದು ನಿಂತು ತೋಳು ಚಾಚಿದಳು.

"ಅಳತೆ ತಗೋ ತಾತ. ಮಡಿಕೆ ಬೇಡ. ಇವತ್ತು ಎಷ್ಟಿದೀನೋ ಅಷ್ಟಕ್ಕೇ ಹೊಲಿ."

ಮಾಸ್ಟರು ಕೊರಳಿಂದ ಟೇಪು ತೆಗೆಯಲು ಹೋದರು. ಅದು ಕೈಯಲ್ಲೇ ಇತ್ತು. ಕಣ್ಣು ಮಂಜಾಗಿ ಅಂಕಿ ಕಾಣಲಿಲ್ಲ. ಚಮ್ಕಿಯೇ ಬಗ್ಗಿ ನೋಡಿ ಓದಿ ಹೇಳಿದಳು.