ಸೋಮವಾರ ಕೊಯ್ದ ಹಂದಿ

ನಮ್ಮ ಕಡೆ ಮನೆಯ ಹಂದಿ ಕೊಯ್ಯುವುದು ಶನಿವಾರ. ಸೋಮವಾರ ಕೊಯ್ಯಿಸಿದವನನ್ನು ನಾನು ಕಂಡಿದ್ದರೆ ನನ್ನಣ್ಣ ಆರ್ಪಾಡ್ ಒಬ್ಬನನ್ನೇ.

ಆ ಸೋಮವಾರ ಜನವರಿಯ ಕೊನೆಯ ದಿನ. ಖಾಸಗಿ ಪಿಂಚಣಿ ನಿಧಿಯಲ್ಲೇ ಉಳಿಯುತ್ತೇನೆ ಅನ್ನುವವರು ಅವತ್ತಿನೊಳಗೆ ಪಟ್ಟಣದ ಕಚೇರಿಗೆ ಖುದ್ದಾಗಿ ಹೋಗಿ ಹೇಳಬೇಕಿತ್ತು. ಸುಮ್ಮನಿದ್ದವರ ದುಡ್ಡೆಲ್ಲ ಸರ್ಕಾರದ ನಿಧಿಗೆ. ಹೋಗಿ ಹೇಳಿದವರಿಗೆ ಮುಂದಿನ ದುಡಿಮೆಗೆ ಸರ್ಕಾರದ ಪಿಂಚಣಿ ಇಲ್ಲ ಅಂತ ಬೆದರಿಕೆ ಬೇರೆ. ಹಂಗೇರಿಯಲ್ಲಿ ಹುಟ್ಟಿದವರಿಗೆ ಇದೇನು ಹೊಸದಲ್ಲ. ಕೇಳುವ ಶಾಸ್ತ್ರ ಮಾಡುತ್ತಾರೆ, ಉತ್ತರ ಅವರೇ ಬರೆದಿಟ್ಟಿರುತ್ತಾರೆ.

ನಾನು ಉಳಿಯುವುದೇ ಎಂದು ತೀರ್ಮಾನಿಸಿದ್ದೆ. ನಮ್ಮಮ್ಮ ಇಟ್ಟಿಗೆ ಕಾರ್ಖಾನೆಯಲ್ಲಿ ಜೀವ ತೇದು, ಪಿಂಚಣಿ ಶುರುವಾದ ವರ್ಷವೇ ಸತ್ತಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಮಕ್ಕಳಿಗೂ ಸಿಗಲಿಲ್ಲ. ಖಾಸಗಿ ನಿಧಿಯಾದರೆ ನಾನು ಸತ್ತರೂ ದುಡ್ಡು ಮಗಳು ರೇಕಾಗೆ ಸೇರುತ್ತದೆ. ಲಾಭವೋ ನಷ್ಟವೋ ಆಣೆ ಮಾಡಿ ಹೇಳಲಾರೆ. ನನ್ನದು ಅಂತ ಒಂದು ಇರಲಿ ಅಷ್ಟೇ.

ಬೆಳಗ್ಗೆ ಅಣ್ಣನ ಮನೆ ಅಂಗಳದಲ್ಲಿ ಎಲ್ಲರೂ ಒಂದೊಂದು ಗುಟುಕು ಪಾಲಿಂಕಾ, ನಮ್ಮ ಹಣ್ಣಿನ ಸಾರಾಯಿ, ಏರಿಸಿ ಹಂದಿ ಕೆಡವಿದರು. ನಾನೂ ಅತ್ತಿಗೆ ಎತೆಲ್ಕಾಳೂ ಕರುಳು ತೊಳೆದು, ಸಾಸೇಜಿಗೆ ಬೆಳ್ಳುಳ್ಳಿ ಜಜ್ಜುತ್ತಾ ಕೂತೆವು.

“ಶನಿವಾರ ಬಿಟ್ಟು ಇವತ್ತೇ ಯಾಕಣ್ಣ?” ಎಂದೆ.

“ಕಟುಕ ಸಿಗಬೇಕಲ್ಲ. ಅವನಿಗೆ ಇವತ್ತೇ ಬಿಡುವು.”

ಚಾಕು ಮಸೆಯುತ್ತಿದ್ದ ಕಟುಕ ದೆಮೆತೆರ್ ತಲೆ ಎತ್ತಿದ. “ಯಾರಿಗೆ, ನನಗಾ? ಶನಿವಾರ ಬರ್ತೀನಿ ಅಂದ್ರೆ ನೀನೇ ಬೇಡ ಅಂದ್ಯಲ್ಲ ಮಾರಾಯ.”

ಅಣ್ಣನ ಕಿವಿ ಕೆಂಪಾಯಿತು. ಇವತ್ತು ನಾನು ಕಚೇರಿಗೆ ಹೋಗದಿರಲಿ ಅಂತಲೇ ಹೂಡಿದ ಆಟ. ನನ್ನ ಮೈ ಉರಿದುಹೋಯಿತು. ಎದ್ದು ಏಪ್ರನ್ ಬಿಚ್ಚಿದೆ.

“ನೋಡು ಇಬೋಲ್ಯಾ, ನಾನು ಪುರಸಭೆ ನೌಕರ. ಉಳಿದವರು ಯಾರ್ಯಾರು ಅಂತ ಮೇಲಿನೋರಿಗೆ ಗೊತ್ತಾಗುತ್ತೆ. ಅದ್ರಲ್ಲಿ ನನ್ನ ತಂಗಿನೂ ಇದ್ರೆ ನನ್ನ ಕುರ್ಚಿಗೇ ಕುತ್ತು.”

“ನಿನ್ನ ಕುರ್ಚಿ ಅಲ್ಲಾಡದ ಹಾಗೆ ನನ್ನ ಮುಪ್ಪನ್ನ ಕೆಳಗೆ ಒತ್ತು ಕೊಡಬೇಕಾ?”

“ಅರ್ಧಕ್ಕೇ ಬಿಟ್ಟು ಹೋದ್ರೆ ಒಂದು ತುಂಡು ಮಾಂಸಾನೂ ಕೊಡಲ್ಲ.”

ಹೋದೆ. ಕಚೇರಿಯ ಹುಡುಗಿ ಮೂಗು ಅರಳಿಸಿದಳು. “ಹಂದಿ ಕೊಯ್ದು ಬಂದ್ರಾ ಅಮ್ಮ?”

“ಹೂಂ, ಅರ್ಧಕ್ಕೇ ಎದ್ದು ಬಂದೆ.”

“ಮುಂದಕ್ಕೆ ಸರ್ಕಾರದ ಪಿಂಚಣಿ ಇಲ್ಲ. ಯೋಚನೆ ಮಾಡಿದ್ದೀರಾ?”

“ದಾರಿ ಉದ್ದಕ್ಕೂ ಬಸ್ಸಲ್ಲಿ ನಿಂತೇ ಬಂದೆ ಕಣಮ್ಮ. ಅದನ್ನೇ ಯೋಚನೆ ಮಾಡ್ತಿದ್ದೆ.”

ಸಹಿ ಹಾಕಿದೆ. ಹೆದರಿಕೆಯಾಗಿತ್ತು, ಯಾಕೆ ಸುಳ್ಳು ಹೇಳಲಿ.

ವಾಪಸ್ಸು ಬರುವಷ್ಟರಲ್ಲಿ ಮಾಂಸ ಎರಡು ತೊಟ್ಟಿಗಳಲ್ಲಿ ಅಂಗಳದ ಮೇಜಿನ ಮೇಲಿತ್ತು. ಆರ್ಪಾಡ್ ಅಡ್ಡ ನಿಂತ.

“ಹೇಳಿದ್ದೆನಲ್ಲ. ನಿನಗಿಲ್ಲ.”

“ಮರಿ ತಂದಾಗ ಅರ್ಧ ದುಡ್ಡು ಕೊಟ್ಟೋಳು ನಾನು. ಬೇಸಿಗೆಯಿಂದ ಜೋಳ ಹೊತ್ತು ಹಾಕಿದ್ದೂ ನಾನೇ. ಇದನ್ನೂ ನನ್ನ ಕೇಳದೆ ಸರ್ಕಾರದ ಥರ ನಿನ್ನದಕ್ಕೆ ಸೇರಿಸ್ಕೊಂಡ್ಯಾ?”

“ಮುದುಕಿ ಆದ್ಮೇಲೆ ಯಾರ ಬಾಗಿಲು ತಟ್ತೀಯೋ ನೋಡ್ತೀನಿ.”

“ನಿನ್ನದಂತೂ ಅಲ್ಲ.”

ಅಂದೆನೇನೋ ಅಂದೆ, ಆದರೆ ಅದು ಅಮ್ಮನ ಮನೆ. ಅವನನ್ನು ಸರಿಸಿ ಒಂದು ತೊಟ್ಟಿಯ ಹಿಡಿಗೆ ಕೈ ಹಾಕಿ ಎಳೆದೆ. ಅಲ್ಲಾಡಲಿಲ್ಲ. ಎಲ್ಲರೂ ನೋಡುತ್ತಾ ನಿಂತಿದ್ದರು.

ಎತೆಲ್ಕಾ ಕೈ ಒರೆಸಿಕೊಂಡು ಬಂದು ಇನ್ನೊಂದು ಹಿಡಿ ಹಿಡಿದಳು. ಗಂಡ ಅವಳ ಹೆಸರು ಹಿಡಿದು ಕೂಗಿದ. ಅವಳು ತಿರುಗಲಿಲ್ಲ. ಇಬ್ಬರೂ ತೊಟ್ಟಿ ಹೊತ್ತು ಗೇಟಿನ ತನಕ ಬಂದೆವು. ಅವಳ ಖಾತೆಯೂ ನನ್ನ ನಿಧಿಯಲ್ಲೇ ಇತ್ತು. ಅದರ ಬಗ್ಗೆ ಆ ಮನೆಯಲ್ಲಿ ಅವಳನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ಗೇಟಿನ ಹತ್ತಿರ ತೊಟ್ಟಿ ಇಳಿಸಿ ಅತ್ತಿಗೆ ಅಂಗಳಕ್ಕೆಲ್ಲ ಕೇಳುವ ಹಾಗೆ ಕೇಳಿದಳು:

“ಇಬೋಲ್ಯಾ, ಆ ಕಚೇರಿ ಎಷ್ಟೊತ್ತಿಗೆ ಮುಚ್ತಾರೆ?”