ವಾಸನೆ ತಿಳಿಯದವನ ಬಿಯರ್

ಜ್ವರ ನಾಲ್ಕೇ ದಿನದಲ್ಲಿ ಬಿಟ್ಟಿತ್ತು. ಆದರೆ ಹೋಗುವಾಗ ಲಕ್ಷ್ಮೀಕಾಂತನ ಮೂಗಿನ ಶಕ್ತಿಯನ್ನೂ ನಾಲಿಗೆಯ ರುಚಿಯನ್ನೂ ಕಿತ್ತುಕೊಂಡು ಹೋಗಿತ್ತು. ಒಗ್ಗರಣೆ ಸೀದರೂ, ಹಾಲು ಕೆಟ್ಟರೂ ಅವನಿಗೆ ಒಂದೇ. ಬೇರೆಯವರಾಗಿದ್ದರೆ ಹೇಗೋ ಹೊಂದಿಕೊಳ್ಳುತ್ತಿದ್ದರು. ಲಕ್ಷ್ಮೀಕಾಂತ ಹನ್ನೆರಡು ವರ್ಷ ಬೆಂಗಳೂರಿನಲ್ಲಿ ಬಿಯರ್ ತಯಾರಿಸುತ್ತಿದ್ದವನು. ಮೂಗೇ ಅವನ ಬಂಡವಾಳ.

ಅವನು ಯಾರಿಗೂ ಹೇಳಲಿಲ್ಲ. ಒಂದು ದಿನ ಹುಳಿ ಹಿಡಿದ ಟ್ಯಾಂಕಿನ ಬಿಯರನ್ನು ಚೆನ್ನಾಗಿದೆ ಎಂದು ಹೊರಗೆ ಬಿಟ್ಟ. ಗಿರಾಕಿಗಳು ಲೋಟ ವಾಪಸ್ ಕಳಿಸಿದರು. ಟ್ಯಾಂಕ್ ತೊಳೆಯುವ ಕೆಂಪಯ್ಯ ಸರಿಯಾಗಿ ತೊಳೆದಿಲ್ಲ ಎಂದು ಮಾಲೀಕ ಕೂಗಾಡಿದಾಗಲೂ ಲಕ್ಷ್ಮೀಕಾಂತ ಬಾಯಿ ಬಿಡಲಿಲ್ಲ. ಕೊನೆಗೆ ಇಬ್ಬರನ್ನೂ ಕೆಲಸದಿಂದ ತೆಗೆದು ಮನೆಗೆ ಕಳಿಸಿದರು. ಲಕ್ಷ್ಮೀಕಾಂತ ತುಮಕೂರಿಗೆ ಬಂದು, ಸದಾಶಿವನಗರದ ಬಾಡಿಗೆ ಮನೆಯಲ್ಲಿ ಹೆಂಡತಿ ಮಾನಸಾಳಿಗೆ, "ಕಂಪನಿ ಮುಚ್ಚೋಯ್ತು ಕಣೇ" ಎಂದ. ಶಾಲೆಯಲ್ಲಿ ಪಾಠ ಮಾಡಿ ದಣಿದು ಬಂದಿದ್ದ ಅವಳು ನಂಬಿದಳು.

ಎಂಟು ತಿಂಗಳು ಕೆಲಸ ಸಿಗಲಿಲ್ಲ. ಆಮೇಲೆ ಕುಣಿಗಲ್ ಹತ್ತಿರ ಹೊಸದಾಗಿ ಶುರುವಾಗುವ ರೆಸಾರ್ಟಿನ ಮ್ಯಾನೇಜರ್ ಗಂಗರಾಜು ಫೋನ್ ಮಾಡಿದ. "ರಾಗಿ ಹಾಕಿ ಒಂದು ಬಿಯರ್ ಮಾಡ್ಕೊಂಡು ಬನ್ನಿ. ಚೆನ್ನಾಗಿದ್ರೆ ಕೆಲ್ಸ ನಿಮ್ದೇ. ಮೂವತ್ತೈದು ದಿನ ಟೈಮು."

ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಮಾಡಬಾರದೆಂದು ಅವನಿಗೆ ಗೊತ್ತಿತ್ತು. ಆದರೂ ಕಿಟಕಿ ಮುಚ್ಚಿಕೊಂಡು ಸಾಮಾನು ಜೋಡಿಸತೊಡಗಿದ. ಕಾಳು ಬೇಯಿಸಲು ಮದುವೆ ಮನೆಗಳಿಗೆ ಬಾಡಿಗೆಗೆ ಕೊಡುವ ದೊಡ್ಡ ಸ್ಟೀಲ್ ಪಾತ್ರೆ ತಂದ. ಹುದುಗಲು ಬಿಗಿ ಮುಚ್ಚಳದ ಬಕೀಟು. ಗಾಳಿ ಹೊರಗೆ ಹೋಗಬೇಕು, ಒಳಗೆ ಬರಬಾರದು. ಅದಕ್ಕೆ ಮೆಡಿಕಲ್ ಶಾಪಿನ ಡ್ರಿಪ್ ನಳಿಕೆಯನ್ನು ಮುಚ್ಚಳಕ್ಕೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ನೀರಿನ ಬಾಟಲಿಯಲ್ಲಿ ಮುಳುಗಿಸಿದ. ಥರ್ಮಾಮೀಟರ್ ಮತ್ತು ಯೀಸ್ಟನ್ನು ಹಳೆಯ ಗೆಳೆಯನೊಬ್ಬ ಕೊರಿಯರ್ ಮಾಡಿದ. ರಾಗಿ ಮಾನಸಾಳ ತವರು ಹಾಗಲವಾಡಿಯಿಂದ ಬಂತು. ಮೂರು ದಿನ ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದ.

ಬೆಂದ ರಸವನ್ನು ಪಾತ್ರೆಯಿಂದ ಬಕೀಟಿಗೆ ಇಳಿಸಲು ಪೈಪೊಂದು ಬೇಕಿತ್ತು. ಮಾನಸಾಳ ಅಣ್ಣ ಬೆಟ್ಟಸ್ವಾಮಿ ಗಾರೆ ಕೆಲಸದವನು. "ನೀರು ತುಂಬಿ ಗೋಡೆ ಮಟ್ಟ ನೋಡೋ ಪೈಪು ತಗೊಂಡೋಗಿ ಭಾವ, ನನ್ತಾವ ಇನ್ನೊಂದೈತೆ" ಎಂದು ಕೊಟ್ಟ. ಲಕ್ಷ್ಮೀಕಾಂತ ಅದನ್ನು ಬಿಸಿ ನೀರಲ್ಲಿ ಎರಡು ಸಲ ತೊಳೆದ.

ಹತ್ತನೇ ದಿನ ಸಂಜೆ ಮುಚ್ಚಳ ತೆರೆದು, ಮುಖವನ್ನು ಬಕೀಟಿಗೇ ಇಟ್ಟು ಉಸಿರೆಳೆದ. ಏನೂ ಇಲ್ಲ. ಬಣ್ಣವೇನೋ ಚೆನ್ನಾಗಿತ್ತು. ಅಷ್ಟರಲ್ಲಿ ಮೆಟ್ಟಿಲು ಹತ್ತಿ ಬಂದ ಮಾನಸಾ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಏನ್ರೀ ಇದು, ಹುಳಿ ನಾತ! ಮಜ್ಜಿಗೆ ಪಾತ್ರೆ ವಾರಗಟ್ಲೆ ತೊಳೀದೆ ಬಿಟ್ಟಂಗೈತೆ. ನಿಮ್ಗೆ ಗೊತ್ತಾಗ್ಲಿಲ್ವಾ?"

ಅವನು ಬಕೀಟಿನ ಪಕ್ಕ ಕುಸಿದು ಕೂತ. ಪೈಪನ್ನು ಬೆಳಕಿಗೆ ಹಿಡಿದು ನೋಡಿದ. ಒಳಗೆಲ್ಲ ಗೀರು, ಗೀರಿನಲ್ಲಿ ಪಾಚಿ. ಇಂಥ ತಪ್ಪು ಹೊಸಬನೂ ಮಾಡುವುದಿಲ್ಲ.

"ಗೊತ್ತಾಗಲ್ಲ ಮಾನಸಾ. ಜ್ವರ ಬಂದಾಗ್ಲಿಂದ ಏನೂ ಗೊತ್ತಾಗಲ್ಲ."

ಕೆಂಪಯ್ಯನ ವಿಷಯವನ್ನೂ ಹೇಳಿಬಿಟ್ಟ. "ನಂಗ್ ಸುಳ್ ಹೇಳಿದ್ದು ಇರ್ಲಿ," ಎಂದಳು ಮಾನಸಾ. "ಆ ಮನುಷ್ಯಂಗೂ ಹೆಂಡ್ತಿ ಮಕ್ಳು ಅವ್ರೆ ಅಂತ ಅನ್ನಿಸ್ಲಿಲ್ವಾ?"

ಉಳಿದಿದ್ದು ಇಪ್ಪತ್ತೈದು ದಿನ. ಎಲ್ಲವನ್ನೂ ಚರಂಡಿಗೆ ಸುರಿದು, ಹೊಸ ಪೈಪು ತಂದು, ಒಣಗಿಸಿಟ್ಟಿದ್ದ ಮೊಳಕೆ ರಾಗಿಯಿಂದ ಮತ್ತೆ ಶುರು ಮಾಡಿದ. ಮಾನಸಾ ಅವನೊಡನೆ ಎರಡು ದಿನ ಮಾತು ಬಿಟ್ಟಿದ್ದಳು. ಮೂರನೇ ದಿನ ತಾನೇ ಬಂದು ಬಕೀಟಿನ ಮುಂದೆ ಕೂತಳು. ಬಿಯರನ್ನು ಜನ್ಮದಲ್ಲಿ ಮುಟ್ಟಿದವಳಲ್ಲ. ಆ ಕಸುಬಿನ ಮಾತುಗಳೂ ಗೊತ್ತಿಲ್ಲ. "ಕಳಿತ ಬಾಳೆಹಣ್ಣು," ಎನ್ನುತ್ತಿದ್ದಳು. ಇನ್ನೊಂದು ದಿನ, "ಹುರಿಹಿಟ್ಟು ಥರ." ಅವನು ಒಂದೊಂದನ್ನೂ ಬರೆದುಕೊಂಡು, ಹನ್ನೆರಡು ವರ್ಷದ ನೆನಪಿನ ಜೊತೆ ತಾಳೆ ನೋಡುತ್ತಿದ್ದ. ಬಾಟಲಿಗೆ ತುಂಬುವ ದಿನ ಅವಸರದಲ್ಲಿ ಎರಡು ಬಾಟಲಿ ಒಡೆದವು.

ಮೂವತ್ತೈದನೇ ದಿನ ಕುಣಿಗಲ್ಲಿನಲ್ಲಿ ಗಂಗರಾಜು ಒಂದು ಗುಟುಕು ಕುಡಿದು, ಇನ್ನೊಂದು ಕುಡಿದು, ಲೋಟವನ್ನೇ ಖಾಲಿ ಮಾಡಿದ. "ಸಕತ್ತಾಗಿದೆ ಕಣ್ರೀ! ಸೋಮವಾರದಿಂದ ಬನ್ನಿ." ಆರು ಹೊಸ ಟ್ಯಾಂಕು ತೋರಿಸಿದ. "ದಿನಾ ಬೆಳಗ್ಗೆ ಒಂದೊಂದ್ರದ್ದೂ ವಾಸನೆ ನೋಡಿ ನೀವೇ ಸಹಿ ಹಾಕ್ಬೇಕು. ನೀವು ಓಕೆ ಅಂದ್ರೆ ಮುಗೀತು."

ಹೂಂ ಅಂದುಬಿಟ್ಟರೆ ಸಾಕಿತ್ತು. ಮೂಲೆಯಲ್ಲಿ ವಯಸ್ಸಾದ ಹೆಂಗಸೊಬ್ಬಳು ಕೆಂಪಯ್ಯನ ಹಾಗೆಯೇ ಮಂಡಿಯೂರಿ ಟ್ಯಾಂಕಿನ ತಳ ಉಜ್ಜುತ್ತಿದ್ದಳು.

"ಸಾರ್, ನಂಗೆ ವಾಸನೆ ಬರಲ್ಲ," ಎಂದ. "ಈ ಬಿಯರ್ ವಾಸನೆ ನೋಡಿದ್ದು ನಮ್ಮನೆಯವ್ಳು."

ಗಂಗರಾಜುವಿನ ನಗು ಮಾಯವಾಯಿತು. ಹೊರಗೆ ಹೋಗಿ ಯಾರ ಜೊತೆಗೋ ಫೋನಿನಲ್ಲಿ ಮಾತಾಡಿ ಬಂದ. "ಬಿಯರ್ ಮಾಡೋ ಬ್ರೂವರ್ ಕೆಲ್ಸ ಕೊಡಕ್ಕಾಗಲ್ಲ. ಬೇರೆಯವ್ರನ್ನ ಕರೀತೀವಿ. ಅವ್ರ ಕೈಕೆಳಗೆ ಕಾಳು ಬೇಯಿಸೋ ಕಡೆ ಆಳು ಬೇಕು. ಮಾಡ್ತೀರಾ?"

ಬಸ್ ಸ್ಟ್ಯಾಂಡಿನಿಂದ ಅವನು ಮಾನಸಾಳಿಗೆ ಫೋನ್ ಮಾಡಿದ. "ಕೂಲಿ ಕೆಲ್ಸ ಅನ್ಕೋ," ಎಂದ. ಹಾದುಹೋಗುವವರು ನೋಡದಂತೆ ಗೋಡೆಗೆ ಮುಖ ಮಾಡಿ ನಿಂತು ಅತ್ತ.

"ಒಪ್ಕೊಂಡ್ರಾ?" ಅವಳು ಕೇಳಿದಳು.

"ಒಪ್ಕೊಂಡೆ."

"ಸರಿ. ಬನ್ನಿ, ಊಟಕ್ಕೆ ಕಾಯ್ತಿರ್ತೀನಿ."

ತುಮಕೂರು ಬಸ್ಸು ಬಂದು ನಿಂತಿತ್ತು. ಅವನು ಹತ್ತುವ ಮೊದಲು, ಫೋನಿನಲ್ಲಿ ಕೆಂಪಯ್ಯನ ನಂಬರ್ ಹುಡುಕತೊಡಗಿದ.