ಗಾಂಧಿಕ್ಲಾಸಿನ ಕಡೆಗೆ

ಅಮೆರಿಕದ ಈ ಟಕ್ವಿಲಾ ಊರಿನ ಮಾಲ್‌ನಲ್ಲಿ ಕನ್ನಡ ಸಿನಿಮಾ ಬಂದಿದೆಯೆಂದು ಮಗಳು ಪೂಜಿತಾ ಫೋನಿನಲ್ಲಿ ಟಿಕೆಟ್ ಬುಕ್ ಮಾಡುತ್ತಿದ್ದಳು. ನಮ್ಮ ಯಜಮಾನರು ಬಗ್ಗಿ ನೋಡಿ, "ಮುಂದಿನ ಸಾಲು ತಗೋ" ಎಂದರು.

"ಅಪ್ಪಾ, ಎಲ್ಲಾ ಸೀಟಿಗೂ ಒಂದೇ ರೇಟು."

"ಇದೆಂಥ ನ್ಯಾಯ? ಎಪ್ಪತ್ತೆರಡರಲ್ಲಿ ಮೈಸೂರಲ್ಲಿ ಗಾಂಧಿಕ್ಲಾಸಿಗೆ ಎಂಬತ್ತು ಪೈಸೆ, ಬಾಲ್ಕನಿಗೆ ಎರಡೂವರೆ ರೂಪಾಯಿ."

ಇಲ್ಲಿ ಕೊತ್ತಂಬರಿ ಕೊಂಡರೂ, ಕಾಫಿ ಕುಡಿದರೂ ಇವರಿಗೆ ಎಪ್ಪತ್ತೆರಡರ ರೇಟೇ ನೆನಪಾಗುತ್ತದೆ. ಕೇಳಿ ಕೇಳಿ ನನಗೆ ಸಾಕಾಗಿದೆ. "ಮುಂದೆ ಕೂತ್ರೆ ಕತ್ತು ನೋಯುತ್ತೆ. ಹಿಂದೇನೇ ತಗೊಳ್ಳೇ" ಎಂದೆ.

ಥಿಯೇಟರಿನಲ್ಲಿ ಕೊನೆಯ ಸಾಲಿಗೆ ಹತ್ತಿ ಕೂತು ನೋಡಿದರೆ ಇವರೇ ಇಲ್ಲ. ಬೈಯಲು ಬಾಯಿ ತೆರೆಯುವಷ್ಟರಲ್ಲಿ ಕಂಡರು. ಖಾಲಿಯಿದ್ದ ಮೊದಲ ಸಾಲಿನಲ್ಲಿ, ಪರದೆಗೆ ಬೆನ್ನು ಮಾಡಿ ನಿಂತು, ಬೋಳು ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದರು.

ಎಪ್ಪತ್ತೆರಡರಲ್ಲಿ, ನಿಶ್ಚಿತಾರ್ಥವಾದ ಹೊಸತರಲ್ಲೂ ಹೀಗೇ. ನಾನು ಅಪ್ಪನ ಜೊತೆ ಬಾಲ್ಕನಿಯಲ್ಲಿ. ಬಾಲ್ಕನಿಗೆ ಕಾಸಿಲ್ಲದ ಇವರು ಕೆಳಗೆ ಗಾಂಧಿಕ್ಲಾಸಿನಲ್ಲಿ, ಬೀಡಿ ಹೊಗೆಯ ನಡುವೆ, ಬೆಲ್‌ಬಾಟಂ ತೊಟ್ಟು, ಇಂಟರ್‌ವಲ್ ಪೂರ್ತಿ ಹೀಗೇ ತಿರುಗಿ ನಿಂತಿದ್ದರು. "ಹುಡುಗನಿಗೆ ಕತ್ತು ಉಳುಕೀತು" ಎಂದು ಅಪ್ಪ ಗೊಣಗಿದ್ದರು. ನಾನು ತಲೆ ತಗ್ಗಿಸಿ ಕಡಲೆಕಾಯಿ ಸುಲಿಯುತ್ತ ಕೂತಿದ್ದೆ. ಕೆಳಗಿಳಿದು ಹೋಗುವ ಧೈರ್ಯ ಅವತ್ತು ಎಲ್ಲಿಂದ ಬರಬೇಕು?

ಪಾಪ್‌ಕಾರ್ನನ್ನು ಪೂಜಿತಾಳ ಕೈಗೆ ಕೊಟ್ಟು, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದೆ.

"ಕತ್ತು ನೋಯುತ್ತೆ ಅಂದ್ಯಲ್ಲ?" ಎಂದರು.

"ನೋಯ್ಲಿ. ಸರಿದು ಕೂತ್ಕೊಳ್ಳಿ."